ಚಾರ್ಜ್ ಏರುತ್ತಿಲ್ಲವೇ? ಡೈನಮೊ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಕಾರಿಗೆ ಹೊಸ ಬ್ಯಾಟರಿ ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ತುಳುವಿನ ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ ಒಂದು ರಾತ್ರಿ ಮಂಗಳೂರಿನಿಂದ ಮನೆಗೆ ಬರುತ್ತಿದ್ದೆ. ತಲಪಾಡಿ ದಾಟುವಷ್ಟರಲ್ಲಿ ಮಳೆ ಹೊಯ್ಯತೊಡಗಿತ್ತು. ವೈಪರ್ ಫುಲ್ ಸ್ಪೀಡಿನಲ್ಲಿ, ಗಾಜಿನ ಮಂಜು ಬಿಡಿಸಲು ಬ್ಲೋವರ್, ಹಿಂದಿನ ಗಾಜಿನ ಹೀಟರ್, ಹೆಡ್‌ಲೈಟ್, ಎಲ್ಲ ಒಟ್ಟಿಗೆ ಆನ್. ಹೊಸಂಗಡಿಯಲ್ಲಿ ಬ್ಲಾಕ್ ಸಿಕ್ಕಿ ನಿಂತಾಗ ಹೆಡ್‌ಲೈಟ್ ಹಳದಿಯಾಯಿತು, ವೈಪರ್ ಜ್ವರ ಬಂದವರ ಹಾಗೆ ಏಳುತ್ತಾ ಬೀಳುತ್ತಾ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಪೂರ್ತಿ ಉರಿಯುತ್ತಿರಲಿಲ್ಲ, ಬೂದಿಯೊಳಗಿನ ಕೆಂಡದ ಹಾಗೆ ಮಿಣುಕುತ್ತಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಎಲ್ಲ ಸರಿ. ಕಾಲು ತೆಗೆದರೆ ಮತ್ತೆ ಅದೇ.

ಹೇಗೋ ಕುಂಬಳೆಯಲ್ಲಿ ತಿರುಗಿ ಸೀತಾಂಗೋಳಿ ದಾಟಿ ನೀರ್ಚಾಲು ಕಡೆಯ ನಮ್ಮ ಮನೆ ಸೇರಿದೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಅಷ್ಟೇ. ಸೆಲ್ಫ್ ಹೊಡೆಯಲೇ ಇಲ್ಲ.

"ಬ್ಯಾಟರಿ ಹೋಯಿತು ಮಾಷ್ಟ್ರೇ" ಎಂದರು ಪಕ್ಕದ ಮನೆಯವರು. ಮೂರು ತಿಂಗಳ ಹಿಂದೆಯೂ ಇದೇ ಮಾತು ಹೇಳಿದ್ದರು, ನಾನೂ ನಂಬಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದಿದ್ದೆ. ಈ ಸಲ ಡೈನಮೊ ಬದಲಿಸಿದೆ. ಅದಾದ ಮೇಲೂ ಸರಿಯಾಗಲಿಲ್ಲ! ಕೊನೆಗೆ ತಪ್ಪು ಸಿಕ್ಕಿದ್ದು ಬೆರಳುಗುರಿನಷ್ಟು ದೊಡ್ಡ ಒಂದು ತಾಮ್ರದ ಲಗ್‌ನಲ್ಲಿ, ಅಂದರೆ ವೈರಿನ ತುದಿಗೆ ಒತ್ತಿ ಹಾಕುವ, ಬೋಲ್ಟಿಗೆ ಕೂರುವ ತುಂಡಿನಲ್ಲಿ. ಮೊದಲೇ ಎರಡು ಜಾಗದಲ್ಲಿ ಮೀಟರ್ ಇಟ್ಟು ನೋಡಿದ್ದರೆ ಹತ್ತು ನಿಮಿಷದ ಕೆಲಸ ಅದು. ನಾನು ಹಿಂದುಮುಂದು ಮಾಡಿದ್ದನ್ನು ನೀವು ಸರಿಯಾದ ಕ್ರಮದಲ್ಲಿ ಮಾಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಡೈನಮೊ ಎಂದರೇನು

ನಮ್ಮ ಕಡೆ ಎಲ್ಲರೂ ಡೈನಮೊ ಎನ್ನುವುದು, ನಿಜವಾಗಿ ಅದು ಆಲ್ಟರ್ನೇಟರ್. ಡೈನಮೊ ಇದ್ದದ್ದು ಹಳೆ ಜೀಪುಗಳ ಕಾಲದಲ್ಲಿ. ಹೆಸರು ಮಾತ್ರ ಉಳಿಯಿತು. ಕಾಸರಗೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ "ಚಾರ್ಜ್ ಕೇರುನ್ನಿಲ್ಲ" ಎಂದು ಮಲಯಾಳದಲ್ಲಿ ಹೇಳಿದರೆ ಸಾಕು, ಅವರು ಡೈನಮೊ, ಬ್ರಷ್, ಕಟೌಟ್ ಮೂರನ್ನೂ ಕೌಂಟರ್ ಮೇಲೆ ಇಡುತ್ತಾರೆ. ಯಾವುದು ಬೇಕು ಅಂತ ಗೊತ್ತಿರಬೇಕಾದ್ದು ನಮಗೆ.

ಒಳಗೆ ನಡೆಯುವುದು ಇಷ್ಟು. ಎಂಜಿನ್ ಬೆಲ್ಟಿನ ಮೂಲಕ ನಡುವಿನ ರೋಟರನ್ನು ತಿರುಗಿಸುತ್ತದೆ. ಎರಡು ಕಾರ್ಬನ್ ಬ್ರಷ್‌ಗಳು ರೋಟರಿನ ತಾಮ್ರದ ರಿಂಗುಗಳಿಗೆ ಉಜ್ಜುತ್ತಾ ಅದಕ್ಕೆ ಸ್ವಲ್ಪ ಕರೆಂಟು ಕೊಡುತ್ತವೆ, ಆಗ ರೋಟರ್ ಅಯಸ್ಕಾಂತ ಆಗುತ್ತದೆ. ಸುತ್ತಲಿನ ಸ್ಟೇಟರಿನ ಮೂರು ಸುರುಳಿಗಳಲ್ಲಿ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು ಹುಟ್ಟುತ್ತದೆ, ನಮ್ಮ ತೋಟದ ತ್ರೀ ಫೇಸ್ ಇದೆಯಲ್ಲ, ಹಾಗೆಯೇ. ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ, ಆದ್ದರಿಂದ ಸಾಮಾನ್ಯವಾಗಿ ಆರು ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಎಂಜಿನ್ ಎಷ್ಟೇ ಜೋರಾಗಿ ಓಡಿದರೂ ವೋಲ್ಟೇಜ್ 14ರ ಆಸುಪಾಸಿನಲ್ಲಿ ನಿಲ್ಲುವ ಹಾಗೆ ರೋಟರಿಗೆ ಹೋಗುವ ಕರೆಂಟನ್ನು ಹೆಚ್ಚುಕಡಿಮೆ ಮಾಡುವುದು ರೆಗ್ಯುಲೇಟರ್. ಇದನ್ನೇ ಮೆಕ್ಯಾನಿಕ್‌ಗಳು ಕಟೌಟ್ ಎನ್ನುವುದು.

ಬೆಲ್ಟ್, ಬ್ರಷ್, ರಿಂಗ್, ಡಯೋಡ್, ಕಟೌಟ್, ಬೇರಿಂಗ್. ಡೈನಮೊ ಹೋಯಿತು ಎಂದರೆ ಇವುಗಳಲ್ಲಿ ಯಾವುದೋ ಒಂದು ಹೋಗಿದೆ ಎಂದರ್ಥ. ಎಲ್ಲವೂ ಒಟ್ಟಿಗೆ ಹೋಗುವುದು ಅಪರೂಪ.

ಕಣ್ಣು, ಕಿವಿ, ಮೂಗು

ಮೀಟರ್ ತರುವ ಮೊದಲು ಕೆಂಪು ದೀಪವನ್ನು ಗಮನಿಸಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ದೀಪ ಉರಿಯಬೇಕು. ಸ್ಟಾರ್ಟ್ ಆದ ಕೂಡಲೇ ಆರಬೇಕು. ಆರದಿದ್ದರೆ ಚಾರ್ಜ್ ಇಲ್ಲ, ಇದು ಎಲ್ಲರಿಗೂ ಗೊತ್ತು. ಕೀ ಹಾಕಿದಾಗ ಉರಿಯದೇ ಇದ್ದರೂ ತಪ್ಪೇ ಎನ್ನುವುದು ಜಾಸ್ತಿ ಜನರಿಗೆ ಗೊತ್ತಿಲ್ಲ. ಹಳೆ ಕಾರುಗಳಲ್ಲಿ ರೋಟರಿಗೆ ಮೊದಲ ಕರೆಂಟು ಹೋಗುವುದೇ ಆ ದೀಪದ ದಾರಿಯಲ್ಲಿ. ಬಲ್ಬ್ ಸುಟ್ಟರೂ, ತೆಳು ವೈರ್ ತುಂಡಾದರೂ ಡೈನಮೊ ಸುಮ್ನೆ ತಿರುಗುತ್ತಿರುತ್ತದೆ, ಕೆಲಸ ಮಾಡುವುದಿಲ್ಲ. ನನ್ನ ಭಾವನ ಕಾರಿಗೆ ಹೀಗೇ ಆಗಿತ್ತು. ಹೊಸ ಡೈನಮೊಗೆ ಅಡ್ವಾನ್ಸ್ ಕೊಟ್ಟು ಬಂದಿದ್ದರು. ನೋಡಿದರೆ ಮಳೆಗಾಲದ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದ ಇಲಿ ಎಂಜಿನ್ ಮೇಲೆ ಬಾಳೆಲೆ ತರಗು ಹಾಸಿ ಸಂಸಾರ ಹೂಡಿತ್ತು, ಪಕ್ಕದಲ್ಲೇ ಆ ತೆಳು ವೈರನ್ನು ಕಚಕ್ ಅಂತ ಕಡಿದು ಹಾಕಿತ್ತು. ಒಂದಡಿ ವೈರಿನಲ್ಲಿ ಕೆಲಸ ಮುಗಿಯಿತು, ಅಡ್ವಾನ್ಸ್ ವಾಪಸ್ ತರುವುದೇ ಕಷ್ಟವಾಯಿತು.

ದೀಪ ಮಿಣುಕುತ್ತಿದ್ದರೆ, ಅಂದರೆ ಪೂರ್ತಿ ಉರಿಯುವುದೂ ಇಲ್ಲ ಆರುವುದೂ ಇಲ್ಲ ಎಂದಾದರೆ, ಬ್ರಷ್ ಸವೆದಿರಬಹುದು, ಡಯೋಡ್ ಹೋಗಿರಬಹುದು, ಅಥವಾ ಎಲ್ಲೋ ಜೋಡಣೆ ಸಡಿಲ.

ಕಿವಿಗೆ ಕೇಳುವುದು ಎರಡು ಬಗೆ. ಮಳೆಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಎಂದು ಕಿರುಚಿ ಸ್ವಲ್ಪ ಹೊತ್ತಿನಲ್ಲಿ ನಿಂತರೆ ಬೆಲ್ಟ್ ಜಾರುತ್ತಿದೆ. ನಿಲ್ಲದೆ ಗರ್ರ್ ಎನ್ನುತ್ತಿದ್ದರೆ ಬೇರಿಂಗ್. ಉದ್ದ ಸ್ಕ್ರೂಡ್ರೈವರಿನ ತುದಿ ಡೈನಮೊ ಬಾಡಿಗೆ, ಹಿಡಿ ಕಿವಿಗೆ ಒತ್ತಿ ಹಿಡಿದರೆ ಬೇರಿಂಗಿನ ಶಬ್ದ ಚೆನ್ನಾಗಿ ಕೇಳುತ್ತದೆ. ಲುಂಗಿಯ ತುದಿ, ಶಾಲು, ಉದ್ದ ತೋಳು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಲುಂಗಿ ಕಟ್ಟಿಕೊಂಡು ಬಾನೆಟ್ ಒಳಗೆ ಬಗ್ಗುವುದು ನಮ್ಮೂರಿನ ಅಭ್ಯಾಸ, ಎಂಜಿನ್ ಓಡುವಾಗ ಅದು ಬೇಡ. ಇನ್ನೊಂದು ಗುರುತು ರೇಡಿಯೋ. ಮಂಗಳೂರು ಆಕಾಶವಾಣಿ ಹಾಕಿದಾಗ ಹಿಂದಿನಿಂದ ಸೊಳ್ಳೆಯ ಹಾಗೆ ಒಂದು ದನಿ ಬಂದು, ಎಂಜಿನ್ ರೈಸ್ ಮಾಡಿದ ಹಾಗೆ ಅದರ ಸ್ವರವೂ ಏರಿದರೆ ಡಯೋಡ್ ಮೇಲೆ ಸಂಶಯಪಡಬಹುದು.

ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಂಜಿನ್ ಬಂದ್ ಮಾಡಿ ದೂರ ನಿಲ್ಲಿ. ಕಟೌಟ್ ಕೆಟ್ಟು ವೋಲ್ಟೇಜ್ ಜಾಸ್ತಿಯಾಗಿ ಬ್ಯಾಟರಿ ಕುದಿಯುತ್ತಿರಬಹುದು. ಬ್ಯಾಟರಿ ನೀರು ಬೇಗ ಬೇಗ ಇಳಿಯುವುದು, ಬಲ್ಬುಗಳು ಪದೇ ಪದೇ ಸುಡುವುದು ಕೂಡ ಇದೇ ರೋಗ. ಆ ಹೊತ್ತಿನಲ್ಲಿ ಬ್ಯಾಟರಿ ಹತ್ತಿರ ಬೀಡಿ, ಲೈಟರ್ ಏನೂ ಬೇಡ. ಹೊರಬರುವ ಗ್ಯಾಸಿನಲ್ಲಿ ಹೈಡ್ರೋಜನ್ ಇರುತ್ತದೆ.

ಮೀಟರ್ ಕೆಲಸ

ಪಂಪ್ ಇರುವ ಅಡಿಕೆ ತೋಟದ ಮನೆಗಳಲ್ಲಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ಅದೇ ಸಾಕು. ಆದರೆ ಪಂಪಿನ ಆಂಪಿಯರ್ ನೋಡಲು ಇಟ್ಟುಕೊಂಡ ಕ್ಲಾಂಪ್ ಮೀಟರ್ ಇದೆಯಲ್ಲ, ಅದರಲ್ಲಿ ಹೆಚ್ಚಿನವು ಎಸಿ ಕರೆಂಟು ಮಾತ್ರ ತೋರಿಸುತ್ತವೆ. ಕಾರಿನ ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ಬರುತ್ತದೆ. ನಾನು ಅದನ್ನು ನೋಡಿ "ಕರೆಂಟೇ ಬರುತ್ತಿಲ್ಲ" ಎಂದು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಡಿಸಿ ಎಂದು ಬರೆದಿರುವ ಕ್ಲಾಂಪ್ ಆದರೆ ಮಾತ್ರ ಉಪಯೋಗ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಾರು ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ನೋಡಿ. 12.6 ಇದ್ದರೆ ಫುಲ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಖಾಲಿಯ ಲೆಕ್ಕ. ನನ್ನದು ಆ ದಿನ 11.7. ಈಗಷ್ಟೇ ಓಡಿಸಿ ನಿಲ್ಲಿಸಿದ ಕಾರಾದರೆ ಸುಳ್ಳು ಅಂಕಿ ಬರುತ್ತದೆ, ಹೆಡ್‌ಲೈಟ್ ಒಂದು ನಿಮಿಷ ಹಾಕಿ, ಆಫ್ ಮಾಡಿ, ಸ್ವಲ್ಪ ಬಿಟ್ಟು ನೋಡಿ.

ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ಫುಲ್ ಚಾರ್ಜ್ ಇದ್ದ ಬ್ಯಾಟರಿ ಆಗಲೂ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿಯೇ ದುರ್ಬಲ. ಇಲ್ಲಿ "ಫುಲ್ ಚಾರ್ಜ್ ಇದ್ದ" ಎನ್ನುವ ಮಾತು ಮುಖ್ಯ. ಖಾಲಿ ಬ್ಯಾಟರಿಯನ್ನು ಟೆಸ್ಟ್ ಮಾಡಿ ಹಾಳಾಗಿದೆ ಎನ್ನುವುದು, ಊಟ ಹಾಕದೆ ಕೆಲಸದವನನ್ನು ಸೋಮಾರಿ ಎಂದ ಹಾಗೆ. ನನ್ನ ಮೊದಲಿನ ಬ್ಯಾಟರಿಗೆ ಆದದ್ದು ಬಹುಶಃ ಇದೇ ಅನ್ಯಾಯ. ಚಾರ್ಜರಿಗೆ ಒಂದು ರಾತ್ರಿ ಹಾಕಿ ಆಮೇಲೆ ನೋಡಬೇಕಿತ್ತು.

ಈ ಸಲ ಹಾಗೆ ಮಾಡಿದೆ. ಪಂಪ್ ಶೆಡ್ಡಿನಲ್ಲಿ ಚಾರ್ಜರಿಗೆ ಹಾಕಿ, ಮರುದಿನ ಜೋಡಿಸಿ ಸ್ಟಾರ್ಟ್ ಮಾಡಿದೆ. ಈಗ ಬ್ಯಾಟರಿಯಲ್ಲಿ 13.8ರಿಂದ 14.6ರ ಒಳಗೆ ಇರಬೇಕು. ನನಗೆ ಸಿಕ್ಕಿದ್ದು 12.3, ಅದೂ ನಿಧಾನಕ್ಕೆ ಇಳಿಯುತ್ತಿತ್ತು. ರೈಸ್ ಮಾಡಿದರೆ ಒಮ್ಮೆ 13.4ಕ್ಕೆ ಹಾರಿ ಮತ್ತೆ ಬೀಳುತ್ತಿತ್ತು, ಮುಳ್ಳಿನ ಮೇಲೆ ಕೂತವರ ಹಾಗೆ. ಬೆಲ್ಟ್ ನೋಡಿದೆ, ಬಿಗಿ ಇದೆ, ಬಿರುಕಿಲ್ಲ, ಎಣ್ಣೆ ಬಿದ್ದಿಲ್ಲ. ಅಲ್ಲಿಗೆ ಡೈನಮೊ ಒಳಗೇ ತೊಂದರೆ ಎಂದು ತೀರ್ಮಾನ ಮಾಡಿದೆ. ಆ ತೀರ್ಮಾನ ತಪ್ಪಲ್ಲ. ಅರ್ಧ ಸರಿ, ಅಷ್ಟೇ.

15 ದಾಟಿದರೆ ಕಟೌಟ್ ಕೆಟ್ಟಿದೆ, ಜಾಸ್ತಿ ಓಡಿಸಬೇಡಿ.

ಡಯೋಡ್ ನೋಡಬೇಕಾದರೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ ಬ್ಯಾಟರಿಯಲ್ಲೇ ಅಳೆಯಿರಿ. 0.1ಕ್ಕಿಂತ ಕಡಿಮೆ ಇದ್ದರೆ ಚೆನ್ನ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ಕೆಲವು ಅಗ್ಗದ ಮೀಟರ್‌ಗಳು ಎಸಿಯಲ್ಲಿ ಇಟ್ಟರೂ ಡಿಸಿಯನ್ನೇ ಲೆಕ್ಕ ಹಾಕಿ 25, 28 ಅಂತ ತೋರಿಸುತ್ತವೆ, ಗಾಬರಿಯಾಗಬೇಡಿ, ಆ ಮೀಟರಿನಿಂದ ಈ ಟೆಸ್ಟ್ ಆಗುವುದಿಲ್ಲ. ಕೆಟ್ಟ ಡಯೋಡಿನ ಇನ್ನೊಂದು ಬುದ್ಧಿ ಎಂದರೆ, ಕಾರು ನಿಂತಿದ್ದಾಗಲೂ ಅದು ಬ್ಯಾಟರಿಯನ್ನು ಹೀರುತ್ತದೆ. ಮುಟ್ಟಿ ನೋಡಿ: ರಾತ್ರಿ ನಿಂತ ಕಾರಿನ ಡೈನಮೊ ಬೆಳಿಗ್ಗೆ ಸ್ವಲ್ಪ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಈಗ ಒಂದು ಮಾಡಬಾರದ ಟೆಸ್ಟ್. ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಳಚಿ, ಎಂಜಿನ್ ನಿಂತರೆ ಡೈನಮೊ ಹಾಳು, ಓಡಿದರೆ ಸರಿ ಎಂದು ಹೇಳುವವರು ಈಗಲೂ ಇದ್ದಾರೆ. ಬದಿಯಡ್ಕ ಕಡೆ ನನಗೆ ಪರಿಚಯದ ಒಬ್ಬ ಹಿರಿಯ ಆಟೋ ಇಲೆಕ್ಟ್ರಿಶಿಯನ್ ಇದ್ದಾರೆ, ಊರಿನವರೆಲ್ಲ ಇಚ್ಚ ಎಂದೇ ಕರೆಯುವುದು. ಅವರು ನಕ್ಕು ಹೇಳಿದರು, "ಅದು ನಾವೇ ಜೀಪಿಗೆ ಮಾಡುತ್ತಿದ್ದದ್ದು ಮಾಷ್ಟ್ರೇ. ಆ ಜೀಪಿನಲ್ಲಿ ಸುಡಲಿಕ್ಕೆ ಎಂತ ಇತ್ತು? ಈಗಿನ ಗಾಡಿಯಲ್ಲಿ ಮಾಡಿದರೆ ಕಂಪ್ಯೂಟರ್ ಹೋಗುತ್ತದೆ, ಮತ್ತೆ ಕಾರು ಮಾರಿದರೂ ಸಾಲದು." ಬ್ಯಾಟರಿ ತೆಗೆದ ಕ್ಷಣ ಡೈನಮೊದಿಂದ ಹಾರುವ ವೋಲ್ಟೇಜ್ 14ರಲ್ಲಿ ನಿಲ್ಲುವುದಿಲ್ಲ, ಹತ್ತಾರು ವೋಲ್ಟಿಗೆ ಏರುತ್ತದೆ. ಇಸಿಯು (ಇಚ್ಚ ಹೇಳಿದ ಆ ಕಂಪ್ಯೂಟರ್), ಕಟೌಟ್, ಡಯೋಡ್, ಸ್ಟೀರಿಯೋ ಯಾವುದು ಬೇಕಾದರೂ ಸುಡಬಹುದು.

ಬಿಚ್ಚುವುದು, ಹಾಕುವುದು

ಹೊಸದು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಮಾಡೆಲಿನ ಕಾರಿಗೂ ವರ್ಷ ಬೇರೆಯಾದರೆ ಬೇರೆ ಡೈನಮೊ ಇರುತ್ತದೆ. ಪುಲ್ಲಿಯ ಗೀರು ಎಣಿಸಿ, ಪ್ಲಗ್ಗಿನ ಆಕಾರ ನೋಡಿ, ಬೋಲ್ಟ್ ಕೂರುವ ಕಿವಿಗಳ ಅಂತರ ನೋಡಿ, ಬಾಡಿಯ ಮೇಲೆ ಬರೆದ ಆಂಪಿಯರ್ ನೋಡಿ. ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ನಾನು ರಿಪೇರಿ ಮಾಡಿದ್ದನ್ನು ತಂದೆ, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು. ಅಂಗಡಿಯಲ್ಲೇ ಬೆಂಚಿನ ಮೇಲೆ ತಿರುಗಿಸಿ ಚಾರ್ಜ್ ತೋರಿಸಲು ಹೇಳಿ. ತೋರಿಸಲು ಒಪ್ಪದಿದ್ದರೆ ಬೇರೆ ಅಂಗಡಿ.

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ ಬದಿಗೆ ಕಟ್ಟಿಡಿ. ಇದನ್ನು ಬಿಡಲೇಬಾರದು. ಡೈನಮೊದ ಹಿಂದಿನ ದಪ್ಪ ವೈರಿನಲ್ಲಿ ಕೀ ತೆಗೆದಿದ್ದರೂ ಬ್ಯಾಟರಿಯ ಕರೆಂಟು ನೇರ ಇರುತ್ತದೆ, ಸ್ಪ್ಯಾನರ್ ಒಮ್ಮೆ ಬಾಡಿಗೆ ತಾಗಿದರೆ ಸಾಕು, ಸ್ಪ್ಯಾನರ್ ಅಲ್ಲೇ ವೆಲ್ಡಿಂಗ್ ಆಗುತ್ತದೆ. ಕೈಯಲ್ಲಿ ಉಂಗುರ, ಲೋಹದ ವಾಚ್ ಇದ್ದರೆ ತೆಗೆದಿಡಿ.

ಮೊಬೈಲಿನಲ್ಲಿ ಎರಡು ಫೋಟೋ. ಒಂದು ವೈರುಗಳದ್ದು, ಒಂದು ಬೆಲ್ಟ್ ಹೋಗುವ ದಾರಿಯದ್ದು. ಎಸಿ, ಪವರ್ ಸ್ಟೀರಿಂಗ್ ಎಲ್ಲದಕ್ಕೂ ಒಂದೇ ಉದ್ದ ಬೆಲ್ಟ್ ಇರುವ ಕಾರಾದರೆ ಫೋಟೋ ಇಲ್ಲದೆ ಕೈ ಹಾಕಬೇಡಿ.

ನನ್ನದು ಹಳೆಯ ಸಣ್ಣ ಪೆಟ್ರೋಲ್ ಕಾರು, ಬೆಲ್ಟಿಗೆ ನಾಲ್ಕು ಗೀರು, ಕೈಯಿಂದಲೇ ಬಿಗಿ ಮಾಡುವಂಥದ್ದು. ಕೆಳಗಿನ ಬೋಲ್ಟ್ ಸಿಗಬೇಕಾದರೆ ಕಾರಿನ ಅಡಿಗೆ ಹೋಗಬೇಕು. ಇಲ್ಲಿ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಅಂಗಳದ ಮಣ್ಣಿಗೆ ಜ್ಯಾಕ್ ಇಟ್ಟರೆ ಇಳಿಯುತ್ತದೆ, ಅಡಿಗೆ ಹಲಸಿನ ಹಲಗೆ ಇಡಿ. ಮತ್ತೆ, ಕಾರಿನ ಅಡಿಗೆ ಆಧಾರಕ್ಕೆ ಅಂತ ಮುರಕಲ್ಲು (ಕೆಂಪುಕಲ್ಲು) ಇಡುವವರನ್ನು ನೋಡಿದ್ದೇನೆ. ಮನೆ ಕಟ್ಟಲು ಒಳ್ಳೆಯ ಕಲ್ಲು ಅದು, ಆದರೆ ಒಂದೇ ಕಡೆ ಭಾರ ಬಿದ್ದರೆ ಬಿಸ್ಕೆಟಿನ ಹಾಗೆ ಪುಡಿಯಾಗುತ್ತದೆ, ಮಳೆನೀರು ಕುಡಿದಿದ್ದರೆ ಕೇಳುವುದೇ ಬೇಡ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಅಡಿಗೆ ಹೋಗಬೇಡಿ, ಗ್ಯಾರೇಜಿಗೆ ಕೊಡಿ.

ಪ್ಲಗ್ ತೆಗೆಯುವಾಗ ಕ್ಲಿಪ್ ಒತ್ತಿ ನಿಧಾನಕ್ಕೆ ಎಳೆಯಿರಿ. ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್ ಅದು, ನನ್ನದು ಮುರಿಯಿತು, ಈಗ ಕೇಬಲ್ ಟೈ ಹಾಕಿ ಕಟ್ಟಿದ್ದೇನೆ. ಆಮೇಲೆ ರಬ್ಬರ್ ಟೊಪ್ಪಿ ಸರಿಸಿ ದಪ್ಪ ವೈರಿನ ನಟ್ ತೆಗೆಯಿರಿ. ಅಡ್ಜಸ್ಟ್ ಬೋಲ್ಟ್ ಮತ್ತು ಕೆಳಗಿನ ಉದ್ದ ಬೋಲ್ಟ್ ಸಡಿಲಿಸಿ, ಡೈನಮೊವನ್ನು ಎಂಜಿನ್ ಕಡೆಗೆ ದೂಡಿದರೆ ಬೆಲ್ಟ್ ಹೊರಗೆ ಬರುತ್ತದೆ. ಉದ್ದ ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಉಪ್ಪಳ, ಕುಂಬಳೆಯ ಹಾಗೆ ಕಡಲ ಗಾಳಿ ಬೀಸುವಲ್ಲಿ ಇದು ಬೇಕೇ ಬೇಕಾಗುತ್ತದೆ. ಬೆಲ್ಟ್ ಇಲ್ಲದಾಗ ವಾಟರ್ ಪಂಪಿನ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿ. ಲೂಸ್ ಇದ್ದರೆ ಅದರ ಸರದಿಯೂ ಹತ್ತಿರ ಬಂದಿದೆ.

ಹೊಸದು ಕೂರಿಸುವಾಗ ಬ್ರ್ಯಾಕೆಟಿನ ಒಳಗೆ ಹೋಗುವುದಿಲ್ಲ ಅಂತ ಸುತ್ತಿಗೆ ತೆಗೆಯಬೇಡಿ. ಅದರ ಕಿವಿಯೊಳಗೆ ಒಂದು ಉಕ್ಕಿನ ಬುಷ್ ಇರುತ್ತದೆ, ಬೋಲ್ಟ್ ಬಿಗಿಯಾದಾಗ ಜಾರಿ ಬ್ರ್ಯಾಕೆಟ್ ಹಿಡಿದುಕೊಳ್ಳುವಂಥದ್ದು. ಅದನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ತಟ್ಟಿದರೆ ಡೈನಮೊ ತಾನಾಗಿ ಕೂರುತ್ತದೆ. ನಾನು ಇದು ಗೊತ್ತಿಲ್ಲದೆ ಒಂದು ಗಂಟೆ ಬೆವರು ಸುರಿಸಿದೆ.

ಬೆಲ್ಟ್ ಬಿಗಿ ಎಷ್ಟಿರಬೇಕು? ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಲ್ಲಿ ಜೋರಾಗಿ ಒತ್ತಿದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ತಗ್ಗಬೇಕು. ಕಿರುಚಬಾರದು ಅಂತ ವೀಣೆಯ ತಂತಿಯ ಹಾಗೆ ಎಳೆದರೆ ಡೈನಮೊ ಬೇರಿಂಗ್, ಅದರ ಜೊತೆ ವಾಟರ್ ಪಂಪ್ ಬೇರಿಂಗ್ ಎರಡೂ ಬೇಗ ಹೋಗುತ್ತವೆ. ತಾನಾಗಿ ಬಿಗಿಯಾಗುವ ಟೆನ್ಷನರ್ ಇದ್ದರೆ ಈ ತಲೆಬಿಸಿ ಇಲ್ಲ.

ಕೊನೆಗೆ ನೆಗೆಟಿವ್ ವೈರ್ ಹಾಕಿ. ಗಡಿಯಾರ ಸೊನ್ನೆಯಾಗಿರುತ್ತದೆ, ಸ್ವಲ್ಪ ಹೊತ್ತು ಐಡ್ಲಿಂಗ್ ಏರುಪೇರಾಗಬಹುದು, ಕೆಲವು ಸ್ಟೀರಿಯೋ ಕೋಡ್ ಕೇಳುತ್ತವೆ.

ಇಷ್ಟೆಲ್ಲ ಮಾಡಿಯೂ

ಸ್ಟಾರ್ಟ್ ಮಾಡಿದೆ. ಕೆಂಪು ದೀಪ ಆರಿತು. ಬ್ಯಾಟರಿಯಲ್ಲಿ 14.0. ಮನೆಯವಳನ್ನು ಕರೆದು ತೋರಿಸಿದ್ದೂ ಆಯಿತು. ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಸೆಲ್ಫ್ ಮತ್ತೆ ಎಳೆದೆಳೆದು ತಿರುಗತೊಡಗಿತು.

ಇಚ್ಚನಿಗೆ ಫೋನ್ ಮಾಡಿದೆ. "ಲೋಡ್ ಹಾಕಿ ನೋಡಿದ್ದೀರಾ?" ಎಂದು ಕೇಳಿದರು. ಇಲ್ಲ. "ಎಲ್ಲ ಹಾಕಿ. ಮತ್ತೆ ಬ್ಯಾಟರಿಯಲ್ಲಿ ನೋಡಿ, ಡೈನಮೊದ ಬೋಲ್ಟಿನಲ್ಲಿಯೂ ನೋಡಿ. ಎರಡು ಲೆಕ್ಕ ಒಂದೇ ಇರಬೇಕು."

ಹೆಡ್‌ಲೈಟ್, ಬ್ಲೋವರ್, ಹಿಂದಿನ ಹೀಟರ್, ವೈಪರ್ ಎಲ್ಲ ಹಾಕಿ, ಮಗನನ್ನು ಆಕ್ಸಿಲರೇಟರ್ ಮೇಲೆ ಕೂರಿಸಿ ಎಂಜಿನ್ 1500ರಿಂದ 2000 ಆರ್‌ಪಿಎಂನಲ್ಲಿ ಹಿಡಿಯಲು ಹೇಳಿದೆ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಬ್ಯಾಟರಿಯಲ್ಲಿ 13.1. ಡೈನಮೊದ ಹಿಂದಿನ ಬೋಲ್ಟಿಗೂ ಅದರ ಬಾಡಿಗೂ ನಡುವೆ ಇಟ್ಟರೆ 14.3. ಡೈನಮೊ ತನ್ನ ಕೆಲಸ ಮಾಡುತ್ತಿದೆ, ದಾರಿಯಲ್ಲಿ 1.2 ವೋಲ್ಟ್ ಕಳೆದುಹೋಗುತ್ತಿದೆ.

ಎಲ್ಲಿ ಎಂದು ಹುಡುಕುವುದು ಬಹಳ ಸುಲಭ. ಅದೇ ಲೋಡಿನಲ್ಲಿ, ಮೀಟರಿನ ಒಂದು ಕಡ್ಡಿ ಡೈನಮೊ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ. ಕಂಬಕ್ಕೆ ಎಂದರೆ ಕಂಬಕ್ಕೇ, ಅದರ ಮೇಲಿನ ಕ್ಲಾಂಪಿಗಲ್ಲ, ಕ್ಲಾಂಪಿನ ಅಡಿಯಲ್ಲೂ ತಪ್ಪಿರಬಹುದು. ಇಲ್ಲಿ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬಹುದು. ನನಗೆ 1.1 ಬಂತು. ಡೈನಮೊ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ಅದೇ ರೀತಿ ಅಳೆದರೆ 0.1, ಅದು ಸರಿ ಇದೆ. ಅಲ್ಲಿ 0.2 ದಾಟಿದ್ದರೆ ಎಂಜಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸುವ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಜ್ಜಬೇಕಿತ್ತು.

ಲೆಕ್ಕ ಹಾಕಿ ನೋಡಿ. ಅಷ್ಟೆಲ್ಲ ಹಾಕಿದಾಗ ಆ ವೈರಿನಲ್ಲಿ ಸುಮಾರು 40 ಆಂಪಿಯರ್ ಹರಿಯುತ್ತದೆ ಎಂದುಕೊಳ್ಳಿ. 40 ಸಲ 1.1 ಅಂದರೆ 44 ವಾಟ್. ಮನೆಯಲ್ಲಿರುವ ಸೋಲ್ಡರಿಂಗ್ ಐರನ್ ಸಾಧಾರಣ 25 ವಾಟಿನದ್ದು! ಇಷ್ಟು ಶಾಖ ಎಲ್ಲೋ ಒಂದು ಕಡೆ ಹುಟ್ಟುತ್ತಿರಲೇಬೇಕು. ಎಂಜಿನ್ ಬಂದ್ ಮಾಡಿ ದಪ್ಪ ವೈರಿನುದ್ದಕ್ಕೂ ಬೆರಳಿನ ಹಿಂಭಾಗ ತಾಗಿಸುತ್ತಾ ಹೋದೆ, ಡೈನಮೊ ತುದಿಯ ಲಗ್ ಹತ್ತಿರ ಬಂದಾಗ ಚುರ್ರೆಂದಿತು. ನೆಗೆಟಿವ್ ಕಳಚಿ, ಲಗ್ ಮೇಲಿನ ಕಪ್ಪು ಸ್ಲೀವ್ ಹಿಂದಕ್ಕೆ ಎಳೆದರೆ ಒಳಗೆ ಹಸಿರು ಹುಡಿ, ಬಸಲೆ ಬಳ್ಳಿ ಅರೆದು ಹಾಕಿದ ಹಾಗೆ. ತಾಮ್ರದ ಎಳೆಗಳಲ್ಲಿ ಅರ್ಧ ತುಂಡಾಗಿದ್ದವು, ಉಳಿದವು ಕಪ್ಪು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಡೈನಮೊ ಬದಲಿಸುವಾಗ ಇದೇ ಲಗ್ಗನ್ನು ಈ ಕೈಯಲ್ಲೇ ಬಿಚ್ಚಿ ಈ ಕೈಯಲ್ಲೇ ಬಿಗಿದಿದ್ದೆ.

ಲೋಡ್ ಇಲ್ಲದಾಗ 14.0 ತೋರಿಸಿದ್ದು ಯಾಕೆ ಎಂದರೆ, ಕರೆಂಟು ಕಡಿಮೆ ಹರಿದರೆ ಕಳೆದುಹೋಗುವ ವೋಲ್ಟೂ ಕಡಿಮೆ. ಗದ್ದೆಯ ಪೈಪಿನಲ್ಲಿ ಕಸ ಸಿಕ್ಕಿಕೊಂಡಿದ್ದರೆ ಹನಿ ನೀರಿಗೆ ಗೊತ್ತಾಗುವುದಿಲ್ಲ, ಪೂರ್ತಿ ಬಿಟ್ಟಾಗಲೇ ತಿಳಿಯುವುದು, ಅಲ್ವಾ?

ಇಚ್ಚ ವೈರನ್ನು ಎರಡಿಂಚು ಹಿಂದಕ್ಕೆ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದರು. ಹೊಸ ಲಗ್ ಹಾಕಿ ದೊಡ್ಡ ಇಕ್ಕಳದಲ್ಲಿ ಒತ್ತಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿದರು. ಬರೇ ಕೈಯಲ್ಲಿ ಸುತ್ತಿ ಇನ್ಸುಲೇಷನ್ ಟೇಪ್ ಹಾಕುವ ಜಾಗವಲ್ಲ ಅದು. ಆಮೇಲೆ ಅದೇ ಲೋಡಿನಲ್ಲಿ ಬ್ಯಾಟರಿಗೆ 14.1 ಬಂತು.

ಅದೇ ದಿನ ಹಳೆ ಡೈನಮೊವನ್ನೂ ಅವರ ಬೆಂಚಿನ ಮೇಲೆ ಬಿಚ್ಚಿದೆವು. ಒಂದು ಬ್ರಷ್ ಸವೆದು 3 ಮಿಲಿಮೀಟರ್ ಉಳಿದಿತ್ತು. 5ಕ್ಕಿಂತ ಕಡಿಮೆಯಾದರೆ ಹಿಂದಿನ ಸ್ಪ್ರಿಂಗಿಗೆ ಅದನ್ನು ರಿಂಗಿಗೆ ಒತ್ತಲು ಬಲ ಸಾಲುವುದಿಲ್ಲ. ಆ ಕೆಂಡದ ಹಾಗೆ ಮಿಣುಕಿದ ದೀಪ ಇದರದ್ದೇ. ಡಯೋಡ್ ಸರಿ ಇತ್ತು, ಬೇರಿಂಗ್ ಸರಿ ಇತ್ತು. ರಿಂಗನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ, ಹೊಸ ಬ್ರಷ್ ಜೋಡಿ ಬೆಸುಗೆ ಹಾಕಿ, ತಿರುಗಿಸಿದರೆ 14.2. "ಇದನ್ನು ಮೊದಲು ನನಗೆ ತಂದುಕೊಡಬೇಕಿತ್ತು ಮಾಷ್ಟ್ರೇ" ಎಂದರು. ಹೌದು, ತರಬೇಕಿತ್ತು.

ದಾರಿಯಲ್ಲಿ ಕೈಕೊಟ್ಟರೆ

ಕೆಂಪು ದೀಪ ಹತ್ತಿಕೊಂಡರೆ ಮೊದಲು ಟೆಂಪರೇಚರ್ ನೋಡಿ. ಎಷ್ಟೋ ಕಾರುಗಳಲ್ಲಿ, ನನ್ನದರಲ್ಲಿಯೂ, ವಾಟರ್ ಪಂಪ್ ಅದೇ ಬೆಲ್ಟಿನಲ್ಲಿ ತಿರುಗುತ್ತದೆ. ಬೆಲ್ಟ್ ತುಂಡಾಗಿದ್ದರೆ ಎಂಜಿನ್ ಬಿಸಿಯಾಗುತ್ತದೆ, ಮುಂದೆ ಓಡಿಸುವ ಹಾಗೇ ಇಲ್ಲ. ಬೆಲ್ಟ್ ಇದ್ದು ಚಾರ್ಜ್ ಮಾತ್ರ ಇಲ್ಲ ಎಂದಾದರೆ ಎಸಿ, ಬ್ಲೋವರ್, ಸ್ಟೀರಿಯೋ, ಮೊಬೈಲ್ ಚಾರ್ಜರ್ ಎಲ್ಲ ತೆಗೆದು ಓಡಿಸಿ. ಒಳ್ಳೆಯ ಬ್ಯಾಟರಿ ಇದ್ದರೆ ಹಗಲಿನಲ್ಲಿ ಹತ್ತಿರದ ಊರು ಸೇರಬಹುದು. ರಾತ್ರಿ, ಮಳೆಯಲ್ಲಿ ಆ ಭರವಸೆ ಇಡಬೇಡಿ. ಚಹಾ ಕುಡಿಯಲು ಇಳಿದರೂ ಎಂಜಿನ್ ಬಂದ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಹೊಸ ಕಾರುಗಳ ಕಥೆ ಬೇರೆ. ಬಿಎಸ್6 (ವಾಹನದ ಹೊಗೆ ನಿಯಂತ್ರಣದ ನಿಯಮ) ಕಾಲದ ಹಲವು ಕಾರುಗಳಲ್ಲಿ ಎಷ್ಟು ಚಾರ್ಜ್ ಮಾಡಬೇಕು ಎಂದು ಇಸಿಯು ನಿರ್ಧರಿಸುತ್ತದೆ. ಬ್ಯಾಟರಿ ಫುಲ್ ಇದ್ದಾಗ 12.8 ತೋರಿಸಿ, ಬ್ರೇಕ್ ಒತ್ತಿ ನಿಧಾನ ಮಾಡುವಾಗ 14.8ಕ್ಕೆ ಏರಬಹುದು. ಅದು ದೋಷವಲ್ಲ. ನೆಗೆಟಿವ್ ಕ್ಲಾಂಪಿನ ಮೇಲೆ ಒಂದು ಸಣ್ಣ ಪೆಟ್ಟಿಗೆ, ಅದಕ್ಕೆ ತೆಳು ವೈರುಗಳು ಕಂಡರೆ ಆ ಜಾತಿಯದ್ದು ಎಂದು ತಿಳಿಯಿರಿ. ಡೈನಮೊವೇ ಸೆಲ್ಫಿನ ಕೆಲಸವನ್ನೂ ಮಾಡುವ ಮೈಲ್ಡ್ ಹೈಬ್ರಿಡ್ ಆದರೆ ಸ್ಪ್ಯಾನರ್ ಕೆಳಗಿಡಿ, ಅದಕ್ಕೆ ಸ್ಕ್ಯಾನರ್ ಇದ್ದವರೇ ಬೇಕು.

ಹಳೆ ಡೈನಮೊ ಈಗ ಅಟ್ಟದಲ್ಲಿದೆ, ಗೋಣಿಯಲ್ಲಿ ಸುತ್ತಿ ಅಡಿಕೆ ಮೂಟೆಯ ಪಕ್ಕ ಇಟ್ಟಿದ್ದೇನೆ. ಮೊನ್ನೆ ಭಾವ ಬಂದವರು "ಸ್ಪೇರ್ ಇದೆಯಂತಲ್ಲ, ನನಗೆ ಕೊಡು" ಎಂದು ಕೇಳಿದರು. ಕೊಡುತ್ತಿದ್ದೆ. ಅವರ ಕಾರಿನ ಪುಲ್ಲಿಗೆ ಐದು ಗೀರು, ಇದಕ್ಕೆ ನಾಲ್ಕು.